ಜೋಗದಲ್ಲಿ ಬಿದ್ದ ನೀರು ಎಷ್ಟು ಬಿಸಿಯಾಗುತ್ತದೆ?

ಜೋಗಕ್ಕೆ ಹೋಗಿ ಬಂದವರ ನೆನಪಿನಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಹೆಸರುಗಳು ಕಾಲಕ್ರಮೇಣ ಅದಲುಬದಲಾಗುತ್ತವೆ. ಆದರೆ ಅಲ್ಲಿನ ತಂಪನ್ನು ಯಾರೂ ಮರೆಯುವುದಿಲ್ಲ. ಶ್ರಾವಣದ ಮಳೆಯಲ್ಲಿ ಕಣಿವೆಯ ಅಂಚಿನಲ್ಲಿ ನಿಂತು ಮಂಜು ಸರಿಯುವುದನ್ನೇ ಕಾದವರೂ, ಮಳೆಗಾಲ ಕಳೆದ ಮೇಲೆ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನಿಳಿದು ಗುಂಡಿಯ ಬಂಡೆಗಳ ಮೇಲೆ ಕುಳಿತವರೂ, ಮೇಲಿಗಿಂತ ಕೆಳಗೆ ಚಳಿ ಹೆಚ್ಚೆಂದೇ ಹೇಳುತ್ತಾರೆ. ಹಾಗಿರುವಾಗ, 253 ಮೀಟರ್ ಎತ್ತರದಿಂದ ಬಿದ್ದ ಶರಾವತಿಯ ನೀರು ಬೀಳುವ ಮೊದಲಿದ್ದುದಕ್ಕಿಂತ ತುಸು ಬಿಸಿಯಾಗಿರಬೇಕು ಎಂದರೆ ಕೇಳಿದವರು ನಗುತ್ತಾರೆ. ಆದರೂ ಭೌತಶಾಸ್ತ್ರದ ಲೆಕ್ಕ ಹೇಳುವುದು ಅದನ್ನೇ. ಏರಿಕೆ ಸುಮಾರು 0.6 ಡಿಗ್ರಿ ಸೆಲ್ಸಿಯಸ್. ಚಳಿಯ ನೆನಪೂ ನಿಜ, ಬಿಸಿಯ ಲೆಕ್ಕವೂ ನಿಜ. ಎರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂಬುದು ನನಗೆ ಜೋಗದ ನೋಟದಷ್ಟೇ ಪ್ರಿಯವಾದ ಪ್ರಶ್ನೆ.

ಲೆಕ್ಕ ದೊಡ್ಡದಲ್ಲ. ಒಂದು ಲೀಟರ್ ನೀರು 253 ಮೀಟರ್ ಕೆಳಗಿಳಿದಾಗ ಎತ್ತರದಿಂದ ಅದಕ್ಕಿದ್ದ ಶಕ್ತಿಯಲ್ಲಿ ಸುಮಾರು 2,480 ಜೂಲ್‌ನಷ್ಟು ಬಿಡುಗಡೆಯಾಗುತ್ತದೆ. ಅದೇ ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4,190 ಜೂಲ್ ಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಉತ್ತರ ದೊರೆಯುತ್ತದೆ. ಇಲ್ಲಿ ನೀರಿನ ಪ್ರಮಾಣ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಗಮನಿಸಬೇಕಾದ ಸೊಗಸು. ಲಿಂಗನಮಕ್ಕಿಯ ಗೇಟು ತೆಗೆದಾಗ ಬಂಡೆಯನ್ನೇ ಮುಚ್ಚಿ ಧುಮ್ಮಿಕ್ಕುವ ಪ್ರವಾಹಕ್ಕೂ, ಏಪ್ರಿಲ್‌ನಲ್ಲಿ ಎಳೆಯಾಗಿ ಜಾರುವ ನೀರಿಗೂ ಏರಿಕೆ ಅಷ್ಟೇ, ಏಕೆಂದರೆ ಪ್ರತಿ ಲೀಟರ್ ತನ್ನ ಬಿಸಿಯನ್ನು ತಾನೇ ಹೊತ್ತು ತರುತ್ತದೆ. ನೀರು ಪೂರ್ತಿ ಒಂದು ಡಿಗ್ರಿ ಸೆಲ್ಸಿಯಸ್ ಏರಬೇಕಾದರೆ ಅದು ಸುಮಾರು 427 ಮೀಟರ್ ಬೀಳಬೇಕು.

ಈ ಲೆಕ್ಕವನ್ನು ಮೊದಲು ಜಗತ್ತಿನ ಮುಂದಿಟ್ಟವನು ಮ್ಯಾಂಚೆಸ್ಟರಿನ ಬಳಿ ಬಿಯರ್ ತಯಾರಿಸುವ ಮನೆತನದಲ್ಲಿ ಹುಟ್ಟಿದ ಜೇಮ್ಸ್ ಪ್ರೆಸ್ಕಾಟ್ ಜೂಲ್. ಉಷ್ಣವೆಂಬುದು ಒಂದು ಸೂಕ್ಷ್ಮ ದ್ರವ, ಅದು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುತ್ತದೆ ಎಂದು ವಿದ್ವಾಂಸರೂ ನಂಬಿದ್ದ ಕಾಲವದು. ಜೂಲ್ ನೀರು ತುಂಬಿದ ಪಾತ್ರೆಯಲ್ಲಿ ರೆಕ್ಕೆಗಳುಳ್ಳ ಚಕ್ರವನ್ನಿಟ್ಟು, ಕೆಳಗಿಳಿಯುವ ತೂಕದ ಬಟ್ಟುಗಳಿಂದ ಅದನ್ನು ತಿರುಗಿಸಿ, ಕಲಕಿದ ನೀರು ಬಿಸಿಯಾಗುವುದನ್ನು ಅಳೆದು, ಇಂತಿಷ್ಟು ಶ್ರಮಕ್ಕೆ ಇಂತಿಷ್ಟು ಉಷ್ಣ ಎಂಬ ವಿನಿಮಯದ ದರವನ್ನು ನಿಗದಿಪಡಿಸಿದನು. 1845ರಲ್ಲಿ ವಿಜ್ಞಾನ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ಆತ ಓದುಗರಿಗೊಂದು ಸಲಹೆ ಕೊಟ್ಟಿದ್ದಾನೆ. ವೇಲ್ಸ್ ಅಥವಾ ಸ್ಕಾಟ್ಲೆಂಡಿನ ರಮ್ಯ ಪ್ರದೇಶಗಳಲ್ಲಿ ವಾಸಿಸುವ ಭಾಗ್ಯವಂತರು ಜಲಪಾತವೊಂದರ ಮೇಲಿನ ಮತ್ತು ಕೆಳಗಿನ ನೀರಿನ ಉಷ್ಣತೆಯನ್ನು ಅಳೆದು ನೋಡಲಿ, ತನ್ನ ವಿಚಾರ ಸರಿಯಾಗಿದ್ದರೆ 817 ಅಡಿ ಬಿದ್ದ ನೀರು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಬೇಕು, 160 ಅಡಿಯ ನಯಾಗರದಲ್ಲಿ ಏರಿಕೆ ಡಿಗ್ರಿಯ ಐದನೇ ಒಂದು ಭಾಗವಾಗಬೇಕು ಎಂಬುದು ಅದರ ಸಾರ.

ಈ 817 ಅಡಿ ಎಂಬ ಸಂಖ್ಯೆಯನ್ನು ಓದಿದ ಯಾವ ಕನ್ನಡಿಗನಿಗೂ ಜೋಗ ನೆನಪಾಗದೆ ಇರದು. ಜೂಲ್‌ನ ಪತ್ರ ಅಚ್ಚಾಗಿ ಹನ್ನೊಂದು ವರ್ಷಗಳ ನಂತರ, 1856ರಲ್ಲಿ, ನೌಕಾಪಡೆಯ ಅಧಿಕಾರಿಗಳು ಜೋಗವನ್ನು ಅಳೆದು ಎತ್ತರ 829 ಅಡಿ ಎಂದೂ, ಕೆಳಗಿನ ಗುಂಡಿಯ ಆಳ 132 ಅಡಿ ಎಂದೂ ದಾಖಲಿಸಿದರು. ಆಗ ಅದು ಬ್ರಿಟಿಷರ ಕಾಗದಪತ್ರಗಳಲ್ಲಿ ಗೇರುಸೊಪ್ಪೆ ಜಲಪಾತ. ಇಂದಿನ ರಾಣಿಗೆ ಅವರು ಇಟ್ಟಿದ್ದ ಹೆಸರು ಡೇಮ್ ಬ್ಲಾಂಶ್. ಮುಂದೆ ಒಂದು ದಡ ಮೈಸೂರು ಸಂಸ್ಥಾನಕ್ಕೂ ಇನ್ನೊಂದು ಮುಂಬಯಿ ಪ್ರಾಂತಕ್ಕೂ ಸೇರಿ, ಎರಡೂ ಕಡೆ ಬಂಗಲೆಗಳು ಎದ್ದು, ದೊರೆಗಳೂ ಅಧಿಕಾರಿಗಳೂ ಬಂದು ನೋಡಿ ಹೋದರು. ತನ್ನ ಸಿದ್ಧಾಂತಕ್ಕೆ ಹೇಳಿ ಮಾಡಿಸಿದಂತಹ ಎತ್ತರದ ಜಲಪಾತವೊಂದು ಸಹ್ಯಾದ್ರಿಯಲ್ಲಿದೆಯೆಂದು ಜೂಲ್‌ಗೆ ಯಾರಾದರೂ ತಿಳಿಸಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸುವುದು ನನ್ನ ಹಳೆಯ ಚಟ.

ಆತ ಹೋದದ್ದು ಆಲ್ಪ್ಸ್ ಪರ್ವತಗಳಿಗೆ. 1847ರ ಆಗಸ್ಟ್‌ನಲ್ಲಿ ಮದುವೆಯಾದ ಜೂಲ್ ಮಧುಚಂದ್ರಕ್ಕೆ ಹೆಂಡತಿ ಅಮೀಲಿಯಾಳೊಡನೆ ಶಾಮೊನಿಯ ಕಡೆಗೆ ತೆರಳಿದ್ದನು. ಅದೇ ದಾರಿಯಲ್ಲಿ ನಡೆದುಬರುತ್ತಿದ್ದ ತರುಣ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು, ಜೂಲ್‌ನನ್ನು ಅಲ್ಲಿ ಆಕಸ್ಮಿಕವಾಗಿ ಭೇಟಿಯಾದನು. ಹೆಂಡತಿ ಬಂಡಿಯಲ್ಲಿ ಬರುತ್ತಿದ್ದಳು, ಜೂಲ್‌ನ ಕೈಯಲ್ಲಿ ಉದ್ದನೆಯ ಉಷ್ಣಮಾಪಕವಿತ್ತು ಎಂದು ಥಾಮ್ಸನ್ ದಶಕಗಳ ನಂತರ ಬರೆದಿದ್ದಾನೆ. ನೆನಪಿನಲ್ಲಿ ಕಥೆ ಸ್ವಲ್ಪ ಬೆಳೆದಿರಲೂಬಹುದು. ಕೆಲವು ದಿನಗಳಲ್ಲಿ ಇಬ್ಬರೂ ಸಲಾಂಶ್ ಎಂಬಲ್ಲಿನ ಜಲಪಾತದ ಬಳಿ ಅಳತೆಗೆ ಪ್ರಯತ್ನಿಸಿದರು. ಫ್ಯಾರನ್‌ಹೀಟ್ ಡಿಗ್ರಿಯ ಇನ್ನೂರನೇ ಒಂದು ಭಾಗವನ್ನೂ ಓದಬಲ್ಲೆನೆಂಬ ಆತ್ಮವಿಶ್ವಾಸ ಜೂಲ್‌ಗಿತ್ತು. ಆದರೂ ಪ್ರಯತ್ನ ಕೈಗೂಡಲಿಲ್ಲ. ನೀರು ಕೆಳಗೆ ಬರುವಷ್ಟರಲ್ಲಿ ತುಂತುರಾಗಿ ಒಡೆದುಹೋಗುತ್ತಿತ್ತು.

ನೀರು ಒಡೆದರೆ ಲೆಕ್ಕವೇಕೆ ಕೆಡಬೇಕು ಎಂಬಲ್ಲಿಯೇ ಜಲಪಾತದ ನಿಜವಾದ ಸ್ವಾರಸ್ಯವಿದೆ. ಗಾಳಿಯೇ ಇಲ್ಲದಿದ್ದರೆ ಜೋಗದ ನೆತ್ತಿಯಿಂದ ಹೊರಟ ನೀರು ಏಳು ಸೆಕೆಂಡುಗಳಲ್ಲಿ ಗುಂಡಿಯನ್ನು ತಲುಪುತ್ತಿತ್ತು, ತಲುಪುವಾಗ ಅದರ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್ ಇರುತ್ತಿತ್ತು. ಆದರೆ ಬೀಳುವ ನೀರು ಮೊದಲ ಕೆಲವು ಹತ್ತು ಮೀಟರ್‌ಗಳಲ್ಲಿಯೇ ಸೀಳುಗಳಾಗಿ, ಸೀಳುಗಳು ಉಂಡೆಗಳಾಗಿ, ಉಂಡೆಗಳು ಹನಿಗಳಾಗಿ ಒಡೆಯತೊಡಗುತ್ತವೆ. ಒಂಟಿ ಹನಿ ಎಷ್ಟೇ ಎತ್ತರದಿಂದ ಬಿದ್ದರೂ, ಗಾಳಿಯ ತಡೆ ಅದರ ಭಾರಕ್ಕೆ ಸಮನಾದ ಕ್ಷಣದಿಂದ ಅದರ ವೇಗ ಹೆಚ್ಚುವುದಿಲ್ಲ. ಐದಾರು ಮಿಲಿಮೀಟರಿನ ದೊಡ್ಡ ಹನಿಗೂ ಆ ಮಿತಿ ಸೆಕೆಂಡಿಗೆ ಒಂಬತ್ತು ಮೀಟರ್‌ನಷ್ಟು ಮಾತ್ರ, ಅದಕ್ಕಿಂತ ದೊಡ್ಡದಾದರೆ ಹನಿಯೇ ಒಡೆಯುತ್ತದೆ. ಅಲ್ಲಿಂದ ಕೆಳಗೆ ಹನಿ ಕಳೆದುಕೊಳ್ಳುವ ಎತ್ತರದ ಶಕ್ತಿಯೆಲ್ಲ ವೇಗವಾಗಿ ಉಳಿಯದೆ, ಬಹುಪಾಲು ಗಾಳಿಯನ್ನು ತಳ್ಳುವುದಕ್ಕೂ ಕಲಕುವುದಕ್ಕೂ ವ್ಯಯವಾಗುತ್ತದೆ. ಹೀಗೆ ನೀರಿನೊಡನೆ ಕೆಳಗೆಳೆಯಲ್ಪಟ್ಟ ಗಾಳಿ ತಳದಲ್ಲಿ ಹೋಗಲು ದಾರಿಯಿಲ್ಲದೆ ಹೊರಕ್ಕೆ ನುಗ್ಗುತ್ತದೆ. ಸುತ್ತ ಮರದ ಎಲೆ ಅಲುಗದ ದಿನವೂ ಗುಂಡಿಯ ಬಳಿ ಬೀಸುವ ಗಾಳಿ ಇದೇ. ಒಟ್ಟಾಗಿ ಇಳಿಯುವ ರಾಜನಲ್ಲಿ ಹೆಚ್ಚು ಶಕ್ತಿ ನೀರಿನಲ್ಲಿಯೇ ಉಳಿದು ಕೆಳಗೆ ಬರುತ್ತದೆ. ಬಂಡೆಯ ಮೇಲೆ ನೊರೆನೊರೆಯಾಗಿ ಹರಡುವ ರಾಣಿ ದಾರಿಯುದ್ದಕ್ಕೂ ಅದನ್ನು ಬಂಡೆಗೂ ಗಾಳಿಗೂ ಹಂಚುತ್ತಾ ಬರುತ್ತಾಳೆ. ರೋರರ್‌ನ ಆರ್ಭಟಕ್ಕೆ ಖರ್ಚಾಗುವುದು ಕೇಳಿದವರಿಗೆ ತೋರುವಷ್ಟೇನೂ ಅಲ್ಲ. ಶಬ್ದಕ್ಕೆ ಬೇಕಾಗುವ ಶಕ್ತಿ ಅತ್ಯಲ್ಪ.

ಗಾಳಿಗೆ ಹೋದ ಪಾಲಿಗಿಂತಲೂ ದೊಡ್ಡ ಕಳ್ಳನೆಂದರೆ ಆವಿಯಾಗುವಿಕೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,450 ಜೂಲ್ ಬೇಕು. ಒಂದು ಲೀಟರ್ ನೀರು ಜೋಗದಲ್ಲಿ ಬಿದ್ದು ಗಳಿಸುವುದು 2,480 ಜೂಲ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂದರೆ ಬಿದ್ದ ನೀರಿನ ಸಾವಿರದಲ್ಲೊಂದು ಪಾಲು ಆವಿಯಾದರೆ ಸಾಕು, 253 ಮೀಟರ್ ಪತನದ ಬಿಸಿಯೆಲ್ಲವೂ ತೀರಿಹೋಗುತ್ತದೆ. ಸಾವಿರದಲ್ಲಿ ಎರಡು ಪಾಲು ಆವಿಯಾದರೆ ನೀರು ಮೇಲಿದ್ದುದಕ್ಕಿಂತ ತಣ್ಣಗಾಗಿ ಗುಂಡಿಯನ್ನು ಸೇರುತ್ತದೆ. ಹನಿಯಾಗಿ ಒಡೆದ ನೀರಿಗೆ ಗಾಳಿಯ ಸ್ಪರ್ಶ ಎಷ್ಟೋ ಪಟ್ಟು ಹೆಚ್ಚುವುದರಿಂದ, ಒಣ ಹವೆಯಿರುವ ಫೆಬ್ರವರಿಯ ಮಧ್ಯಾಹ್ನ ಇಷ್ಟು ಆವಿಯಾಗುವುದು ಏನೇನೂ ಕಷ್ಟವಲ್ಲ. ಮೆಟ್ಟಿಲಿಳಿದು ಬೆವರಿದವರಿಗೆ ಗುಂಡಿಯ ಬಳಿ ಸಿಗುವ ತಂಪು ಬಹುಮಟ್ಟಿಗೆ ಇದರ ಕೊಡುಗೆ.

ಹಾಗಾದರೆ ಅಳೆಯುವುದಕ್ಕೆ ಮಳೆಗಾಲವೇ ಒಳ್ಳೆಯದು. ಆಗ ಕಣಿವೆಯ ಗಾಳಿ ತೇವದಿಂದ ತುಂಬಿರುವುದರಿಂದ ಇನ್ನಷ್ಟು ಆವಿಗೆ ಅಲ್ಲಿ ಎಡೆಯಿರುವುದಿಲ್ಲ. ನೀರಿನ ರಾಶಿ ದೊಡ್ಡದಾಗಿ ಒಡೆಯುವುದೂ ಕಡಿಮೆ. ನಾನು ಆಗಸ್ಟಿನಲ್ಲಿ ಅಲ್ಲಿ ನಿಂತಾಗ ಮಂಜು ಕಣಿವೆಯನ್ನು ಪೂರ್ತಿಯಾಗಿ ತುಂಬಿ, ಎದುರಿನ ಜಲಪಾತ ಸದ್ದಿನಿಂದಷ್ಟೇ ತಿಳಿಯುತ್ತಿತ್ತು. ಗಾಳಿ ಒಮ್ಮೆ ತಿರುಗಿದಾಗ ರಾಜನ ಮೇಲಿನ ಅರ್ಧ ಮಾತ್ರ ಕಾಣಿಸಿ, ಪಕ್ಕದಲ್ಲಿದ್ದ ಕುಟುಂಬವೊಂದರ ಮಕ್ಕಳು ಕೂಗುವಷ್ಟರಲ್ಲಿ ಮತ್ತೆ ಮುಚ್ಚಿಹೋಯಿತು. ಅಂತಹ ದಿನ ಗುಂಡಿಗಿಳಿದು ಉಷ್ಣಮಾಪಕ ಹಿಡಿಯುವ ಮಾತೇ ಇಲ್ಲ. ಮೆಟ್ಟಿಲುಗಳಿಗೆ ಪ್ರವೇಶವೇ ಇರುವುದಿಲ್ಲ, ಇದ್ದರೂ ಸುರಿಯುವ ಮಳೆಯ ನೀರು ನದಿಯ ನೀರಿನೊಡನೆ ಬೆರೆತು ಅಳತೆಯನ್ನು ಕೆಡಿಸುತ್ತದೆ. ಇದರ ಜೊತೆಗೆ, ಎತ್ತರ ಇಳಿದಂತೆ ಗಾಳಿ ತಾನಾಗಿಯೇ ಬಿಸಿಯಾಗುತ್ತದೆ. ಜೋಗದಷ್ಟು ಆಳಕ್ಕೆ ಈ ವ್ಯತ್ಯಾಸ ತೇವದ ಹವೆಯಲ್ಲಿ ಒಂದು ಡಿಗ್ರಿಗೂ, ಒಣ ಹವೆಯಲ್ಲಿ ಎರಡೂವರೆ ಡಿಗ್ರಿಗೂ ಸಮೀಪವಿರಬಹುದು. ನಾವು ಹುಡುಕುತ್ತಿರುವುದು ಅದಕ್ಕಿಂತ ಚಿಕ್ಕದಾದ 0.6 ಡಿಗ್ರಿಯನ್ನು.

ವಿಶ್ವೇಶ್ವರಯ್ಯನವರು ಜೋಗವನ್ನು ಕಂಡು ಎಂಥ ನಷ್ಟವೆಂದು ಉದ್ಗರಿಸಿದರೆಂಬ ಕಥೆ ನಮ್ಮಲ್ಲಿ ಜನಜನಿತವಾಗಿದೆ. ಅವರು ಹಾಗೆ ಹೇಳಿದ್ದರೂ ಹೇಳದಿದ್ದರೂ ನಷ್ಟ ಎಷ್ಟೆಂದು ಈಗ ನಾವು ಹೇಳಬಲ್ಲೆವು. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಇಲ್ಲಿ ಬಿದ್ದರೆ ಸುಮಾರು 25 ಲಕ್ಷ ವಾಟ್ ಸಾಮರ್ಥ್ಯ ಹೀಗೆ ಗಾಳಿಯಾಗಿ, ಅರೆಡಿಗ್ರಿ ಬಿಸಿಯಾಗಿ, ಆವಿಯಾಗಿ ಚದುರಿಹೋಗುತ್ತದೆ. ಶಕ್ತಿ ನಾಶವಾಗುವುದಿಲ್ಲ, ಆದರೆ ಹೀಗೆ ಚದುರಿದ ಅಲ್ಪ ಉಷ್ಣವನ್ನು ಮತ್ತೆ ಒಟ್ಟುಗೂಡಿಸಿ ಒಂದು ದೀಪ ಹಚ್ಚುವುದೂ ಕಷ್ಟ. ಚದುರುವ ಮೊದಲೇ ಅದನ್ನು ಹಿಡಿಯುವ ಕೆಲಸ 1948ರಲ್ಲಿ, ಈಗ ಮಹಾತ್ಮ ಗಾಂಧಿ ಹೆಸರಿನಲ್ಲಿರುವ ವಿದ್ಯುದಾಗಾರದಿಂದ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಅದರ ನೀರು ತಳಕಳಲೆ ಜಲಾಶಯದ ಮೂಲಕ ನಾಲ್ಕುನೂರು ಮೀಟರಿಗೂ ಹೆಚ್ಚು ಇಳಿದು ಹತ್ತು ಯಂತ್ರಗಳನ್ನು ತಿರುಗಿಸುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ ಇಂದು 1,035 ಮೆಗಾವಾಟ್. ಹಿರಿಯರು ತಾವು ಕಂಡ ಜೋಗ ಇದಲ್ಲವೆಂದು ಕೊರಗುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಅವರ ನೆನಪಿನ ನೀರು ಈಗ ಕೊಳವೆಗಳಲ್ಲಿ ಇಳಿಯುತ್ತಿದೆ.

ನನಗೆ ತಾಳ್ಮೆ ತಪ್ಪುವುದು ಇನ್ನೊಂದು ಮಾತಿಗೆ. ಕರೆಂಟು ತೆಗೆದ ಮೇಲೆ ನೀರಿನಲ್ಲಿ ಸತ್ವವಿರುವುದಿಲ್ಲ, ಅಂತಹ ನೀರಿನಿಂದ ಬೆಳೆ ಬರುವುದಿಲ್ಲ ಎಂಬ ನಂಬಿಕೆ, ಓದಿದವರ ಬಾಯಲ್ಲೂ ಅಪರೂಪಕ್ಕೆ ಕೇಳಿಬರುತ್ತದೆ. ಹಾಲಿನಿಂದ ಬೆಣ್ಣೆ ತೆಗೆಯುವ ಹಾಗೆ ನೀರಿನೊಳಗಿದ್ದ ವಿದ್ಯುತ್ತನ್ನು ಯಾರೂ ತೆಗೆಯುವುದಿಲ್ಲ. ವಿದ್ಯುದಾಗಾರದ ಪೆಲ್ಟನ್ ಚಕ್ರದಲ್ಲಿ ನಡೆಯುವುದಿಷ್ಟೇ: ಒತ್ತಡದಿಂದ ಚಿಮ್ಮುವ ನೀರು ಬಟ್ಟಲಾಕಾರದ ಅಲಗುಗಳಿಗೆ ಬಡಿದು, ಹಿಂದಕ್ಕೆ ತಿರುಗಿ, ತನ್ನ ವೇಗವನ್ನೆಲ್ಲ ಚಕ್ರಕ್ಕೆ ಕೊಟ್ಟು ನಿಧಾನವಾಗಿ ಕೆಳಗೆ ಬೀಳುತ್ತದೆ. ವಿದ್ಯುತ್ತು ಹುಟ್ಟುವುದು ಆ ಚಕ್ರ ತಿರುಗಿಸುವ ಜನರೇಟರಿನಲ್ಲಿ, ನೀರು ತಾಕದ ತಾಮ್ರದ ತಂತಿಗಳಲ್ಲಿ. ನೀರಿನಲ್ಲಿ ಕರಗಿದ್ದ ಲವಣಗಳು ಕರಗಿದಂತೆಯೇ ಇರುತ್ತವೆ. ಅದು ಕಳೆದುಕೊಂಡದ್ದು ಎತ್ತರವನ್ನು. ಅದನ್ನು ಜೋಗದಲ್ಲಿ ಬಿದ್ದರೂ ಕಳೆದುಕೊಳ್ಳುತ್ತಿತ್ತು. ನೀರಿಗೂ ವಿದ್ಯುತ್ತಿಗೂ ನೇರ ನಂಟು ಬೇಕೆನ್ನುವವರು ಜಲಪಾತವನ್ನೇ ನೋಡಬೇಕು: ಸಿಡಿಯುವ ಹನಿಗಳು ಸುತ್ತಲಿನ ಗಾಳಿಗೆ ಋಣವಿದ್ಯುದಂಶ ಕೊಡುತ್ತವೆ ಎಂಬುದನ್ನು ಜರ್ಮನ್ ಭೌತವಿಜ್ಞಾನಿ ಫಿಲಿಪ್ ಲೆನಾರ್ಡ್ 1892ರಲ್ಲಿ ವಿವರಿಸಿದನು. ಆದರೆ ಅದು ಅತಿ ಸೂಕ್ಷ್ಮವಾದ ವಿದ್ಯಮಾನ, ಅದರಿಂದ ಬಲ್ಬು ಉರಿಯುವುದಿಲ್ಲ.

ಚಕ್ರದ ಮೂಲಕ ಹಾದುಬಂದ ನೀರಿಗೂ ಬಯಲಿನಲ್ಲಿ ಬಿದ್ದ ನೀರಿಗೂ ಒಂದು ವ್ಯತ್ಯಾಸ ಮಾತ್ರ ಉಂಟು, ಅದು ಜೂಲ್ ಹುಡುಕಿದ ವ್ಯತ್ಯಾಸವೇ. ನಾಲ್ಕುನೂರು ಚಿಲ್ಲರೆ ಮೀಟರ್ ಇಳಿದ ನೀರು ತನ್ನ ಶಕ್ತಿಯನ್ನು ಯಂತ್ರಕ್ಕೆ ಕೊಡದಿದ್ದರೆ ಸುಮಾರು ಒಂದು ಡಿಗ್ರಿ ಬಿಸಿಯಾಗಬೇಕಿತ್ತು. ಯಂತ್ರ ನೂರಕ್ಕೆ ತೊಂಬತ್ತು ಪಾಲನ್ನು ಪಡೆದುಕೊಂಡರೆ ನೀರಿಗೆ ಉಳಿಯುವ ಬಿಸಿ ಅದರ ಹತ್ತನೇ ಒಂದು ಭಾಗ. ಇಲ್ಲಿ ತುಂತುರಿಲ್ಲ, ಗಾಳಿಯಿಲ್ಲ, ಆವಿಯಿಲ್ಲ, ಕೊಳವೆಯೊಳಗೆ ಮುಚ್ಚಿದ ನೀರಷ್ಟೇ ಇದೆ. ಇದನ್ನು ಗಮನಿಸಿದ ಫ್ರಾನ್ಸಿನ ಎಂಜಿನಿಯರುಗಳು 20ನೇ ಶತಮಾನದ ಮೊದಲ ದಶಕಗಳಲ್ಲಿ, ಚಕ್ರಕ್ಕೆ ಹೋಗುವ ಮತ್ತು ಚಕ್ರದಿಂದ ಹೊರಬರುವ ನೀರಿನ ಉಷ್ಣತೆಯನ್ನು ಹೋಲಿಸಿ ಯಂತ್ರದ ದಕ್ಷತೆಯನ್ನು ಅಳೆಯುವ ವಿಧಾನವನ್ನು ರೂಪಿಸಿದರು. ನೂರು ಮೀಟರಿಗಿಂತ ಹೆಚ್ಚು ಎತ್ತರದಿಂದ ನೀರಿಳಿಯುವ ವಿದ್ಯುದಾಗಾರಗಳಿಗೆ ಅದು ಇಂದು ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಪರೀಕ್ಷೆ. ಡಿಗ್ರಿಯ ಸಾವಿರನೇ ಒಂದು ಭಾಗವನ್ನು ಗುರುತಿಸುವ ಉಷ್ಣಮಾಪಕಗಳು ಈಗ ಇರುವುದರಿಂದ, ಇಂತಹ ಎತ್ತರದಲ್ಲಿ ಯಂತ್ರದ ದಕ್ಷತೆ ನೂರಕ್ಕೆ ಒಂದರಷ್ಟು ಕುಸಿದರೂ ಹೊರಬರುವ ನೀರು ಡಿಗ್ರಿಯ ನೂರನೇ ಒಂದು ಭಾಗ ಬಿಸಿಯಾಗಿ ಅದನ್ನು ತೋರಿಸಿಕೊಡುತ್ತದೆ.