ವಿಷಪಾಚಿ ಎಂದರೆ ಯಾವುದು?

ಬೇಸಗೆಯಲ್ಲಿ ಕೆರೆಯೊಂದು ಹಸಿರಾದರೆ ಸಾಕು, ನಮ್ಮ ಕಾಸರಗೋಡಿನ ಕಡೆಯ ವರದಿಗಳಲ್ಲಿ ‘ವಿಷಪಾಚಿ’ ಎಂಬ ತಲೆಬರಹ ಬಂದುಬಿಡುತ್ತದೆ. ಜೊತೆಗಿರುವ ಚಿತ್ರದಲ್ಲಿ ಕಾಣುವುದು ಒಮ್ಮೆ ಅಂತರಗಂಗೆ, ಇನ್ನೊಮ್ಮೆ ಅಜೋಲಾ, ಮತ್ತೊಮ್ಮೆ ಮೆಟ್ಟಿಲಿಗೆ ಹಿಡಿದ ಹಾವಸೆ. ಮೊದಲಿನವೆರಡು ಪಾಚಿಯೇ ಅಲ್ಲ, ನೀರಿನಲ್ಲಿ ತೇಲುವ ಸಸ್ಯಗಳು. ಮೂರನೆಯದು ಕಾಲು ಜಾರಿಸೀತೇ ಹೊರತು ಸಾಮಾನ್ಯವಾಗಿ ವಿಷವಿಕ್ಕದು.

ಗೊಬ್ಬರ ಮತ್ತು ಕೊಳಚೆಯಿಂದ ರಂಜಕ, ಸಾರಜನಕಗಳು ಸೇರಿದ ನಿಂತ ನೀರಿನಲ್ಲಿ ಬಿಸಿಲು ಏರಿದಾಗ ಸೂಕ್ಷ್ಮಜೀವಿಗಳು ಮಿತಿಮೀರಿ ಬೆಳೆದು ಹಾನಿ ಮಾಡುವುದನ್ನು ಹಾನಿಕಾರಕ ಪಾಚಿ ಅತಿವೃದ್ಧಿ ಎನ್ನುತ್ತಾರೆ. ಸಿಹಿನೀರಿನಲ್ಲಿ ಇದರ ಮುಖ್ಯ ಕಾರಣಕರ್ತರಾದ ‘ನೀಲಿ-ಹಸಿರು ಪಾಚಿ’ಗಳು ವಾಸ್ತವವಾಗಿ ಬ್ಯಾಕ್ಟೀರಿಯಾಗಳು. ಅವುಗಳಲ್ಲಿ ಮೈಕ್ರೋಸಿಸ್ಟಿಸ್ ಎಂಬುದು ತನ್ನೊಳಗಿನ ಅನಿಲಕೋಶಗಳಿಂದಾಗಿ ಮೇಲಕ್ಕೆ ತೇಲಿ, ಗಾಳಿ ಬೀಸಿದತ್ತ ಸರಿದು, ಕೆರೆಯ ಒಂದು ಮೂಲೆಯಲ್ಲಿ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟುತ್ತದೆ. ಇದರ ಒಂದೇ ಪ್ರಭೇದದಲ್ಲಿಯೂ ಕೆಲವು ತಳಿಗಳು ಮಾತ್ರ ಯಕೃತ್ತಿಗೆ ಮಾರಕವಾದ ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ತಯಾರಿಸುತ್ತವೆ. ಯಾವುದು ಆ ತಳಿ ಎಂಬುದನ್ನು ಸೂಕ್ಷ್ಮದರ್ಶಕವೂ ಹೇಳಲಾರದು, ಇನ್ನು ದಂಡೆಯಲ್ಲಿ ನಿಂತವರು ಹೇಳುವುದೆಂತು?

‘ಕುದಿಸಿದರೆ ಆಯಿತು’ ಎಂಬ ಸಲಹೆಯಂತೂ ಅಪಾಯಕಾರಿ. ಕುದಿಸಿದಾಗ ಜೀವಕೋಶ ಒಡೆದು ವಿಷ ನೀರಿಗಿಳಿಯುತ್ತದೆ, ವಿಷ ಮಾತ್ರ ನಾಶವಾಗುವುದಿಲ್ಲ. 2014ರಲ್ಲಿ ಅಮೆರಿಕದ ಈರೀ ಸರೋವರದ ನೀರು ಕುಡಿಯುವ ಟೊಲಿಡೊ ನಗರದಲ್ಲಿ ನಲ್ಲಿ ನೀರನ್ನು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಸಾರಿದ್ದು ಇದೇ ಕಾರಣಕ್ಕೆ.

ಸಮುದ್ರದ ಮಾತಿಗೆ ಬಂದರೆ, ಅಲ್ಲಿನ ಇಂಥ ಅತಿವೃದ್ಧಿಗೆ ಬಳಸುವ ‘ಕೆಂಪು ಉಬ್ಬರ’ ಎಂಬ ಪದ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದಕ್ಕೂ ಉಬ್ಬರವಿಳಿತಕ್ಕೂ ಸಂಬಂಧವಿಲ್ಲ, ನೀರು ಕೆಂಪಾಗಲೇಬೇಕೆಂದೂ ಇಲ್ಲ. ಅರಬ್ಬಿ ಸಮುದ್ರದಲ್ಲಿ ರಾತ್ರಿ ನೀಲಿಯಾಗಿ ಮಿನುಗುವ ನಾಕ್ಟಿಲ್ಯೂಕಾ ಎಂಬ ಏಕಕೋಶ ಜೀವಿ ಹಗಲಿನಲ್ಲಿ ನೀರಿಗೆ ಹಸಿರು ಅಥವಾ ಕೆಂಪು ಬಣ್ಣ ಕೊಡುತ್ತದೆ. ಅದು ಆಮ್ಲಜನಕ ಕುಗ್ಗಿಸಿ, ಅಮೋನಿಯಾ ಬಿಟ್ಟು ಮೀನುಗಳನ್ನು ಕೊಲ್ಲಬಲ್ಲದಾದರೂ ಮನುಷ್ಯರಿಗೆ ವಿಷವುಣಿಸುವ ಜಾತಿಯದಲ್ಲ. ಇದಕ್ಕೆ ತದ್ವಿರುದ್ಧವಾಗಿ, ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷ ಉತ್ಪಾದಿಸುವ ಏಕಕೋಶ ಜೀವಿಗಳು ನೀರಿನ ಬಣ್ಣ ಬದಲಾಗದಷ್ಟು ವಿರಳವಾಗಿದ್ದರೂ, ಆ ನೀರನ್ನು ಸೋಸಿ ಬದುಕುವ ಮರುವಾಯಿ ಎಂಬ ಚಿಪ್ಪುಜೀವಿಯ ಮೈಯಲ್ಲಿ ವಿಷ ಶೇಖರವಾಗುತ್ತದೆ. 1983ರಲ್ಲಿ ನಮ್ಮ ಕುಂಬಳೆಯ ಅಳಿವೆಯ ಮರುವಾಯಿ ತಿಂದವರಿಗೆ ಆದದ್ದು ಈ ವಿಷಬಾಧೆಯೇ. ತುಟಿ ಜುಮ್ಮೆನ್ನುವುದರಿಂದ ಆರಂಭವಾಗುವ ಇದು ತೀವ್ರವಾದರೆ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುತ್ತದೆ. ರುಚಿಯಲ್ಲಾಗಲಿ ವಾಸನೆಯಲ್ಲಾಗಲಿ ಸುಳಿವು ಸಿಗದು, ಬೇಯಿಸಿದರೂ ಅದು ಹೋಗದು. ಚಿಪ್ಪಿನ ಮಾಂಸವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, 100 ಗ್ರಾಮಿಗೆ 80 ಮೈಕ್ರೋಗ್ರಾಂ ಎಂಬ ಅಂತರರಾಷ್ಟ್ರೀಯ ಮಿತಿಯನ್ನು ವಿಷದ ಪ್ರಮಾಣ ದಾಟಿದೆಯೇ ಎಂದು ನೋಡಬೇಕಾಗುತ್ತದೆ.