ಕೋಡ್ ಬಂದರೆ ಮೊದಲು ನೀರಿನ ದಾರಿ ನೋಡಿ

ಆರಿದ್ರಾ ಮಳೆ ಜೋರಾಗಿದ್ದ ಒಂದು ದಿನ ತೀರ್ಥಹಳ್ಳಿ ಕಡೆಯ ಮನೆಯಿಂದ ಫೋನ್ ಬಂತು. "ಅಣ್ಣಾ, ವಾಷಿಂಗ್ ಮಷೀನ್ ನಿಂತೋಗಿದೆ. ಏನೋ ಎರಡು ಅಕ್ಷರ ಮಿಣಮಿಣ ಅಂತಿದೆ. ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ, ಬದಲಾಯಿಸಬೇಕು ಅಂತ ಒಬ್ಬರು ನೋಡಿ ಹೇಳಿದರು." ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 60 ಕಿ.ಮೀ. ಹೊರಡುವ ಮೊದಲು ಒಂದು ಮಾತು ಕೇಳಿದೆ. "ಅಕ್ಕಾ, ನಿಮ್ಮಲ್ಲಿ ನೀರು ಎಲ್ಲಿಂದ ಬರುತ್ತೆ?" "ಗುಡ್ಡದ ಅಬ್ಬಿ ನೀರು. ಪೈಪಲ್ಲಿ ತಾನಾಗೇ ಇಳಿದು ಬರುತ್ತೆ" ಅಂದರು.

ಪ್ಲಗ್ ತೆಗೆದು, ನಲ್ಲಿ ಬಂದ್ ಮಾಡಿ, ಮಷೀನಿನ ಹಿಂದೆ ನೀರಿನ ಪೈಪ್ ಸೇರುವ ಜಾಗ ಬಿಚ್ಚಿ ನೋಡಿ ಅಂದೆ. ಅಲ್ಲೊಂದು ಹೆಬ್ಬೆರಳ ಉಗುರಿನಷ್ಟು ಜಾಲರಿ ಇರುತ್ತದೆ. ಅರ್ಧ ಗಂಟೆಗೆ ಫೋಟೊ ಬಂತು. ಜಾಲರಿಯ ಒಂದು ತೂತೂ ಕಾಣುತ್ತಿರಲಿಲ್ಲ. ಪೂರ್ತಿ ಕೆಮ್ಮಣ್ಣು, ನಡುವೆ ಕೊಳೆತ ಎಲೆಯ ಚೂರು. ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ, ತೊಳೆದು ಹಾಕಿದರು. ಮಷೀನ್ ಓಡಿತು. ಬೋರ್ಡಿಗೆ ಏನೂ ಆಗಿರಲಿಲ್ಲ.

ಮಲೆನಾಡಿನಲ್ಲಿ ಮಷೀನ್ ರಿಪೇರಿ ಮಾಡುವವನಾಗಿ ನನಗೆ ಬಹಳ ಬೇಸರ ತರುವ ವಿಷಯ ಇದು. ಮಷೀನ್ ತೋರಿಸುವ ಇಂಥ ಅಕ್ಷರ, ಅಂದರೆ ಕೋಡ್, ಕಂಡ ಕೂಡಲೇ ಜನ ಹೆದರುತ್ತಾರೆ. ಹೆದರಿದವರು ಬೇಡದ ಖರ್ಚು ಮಾಡುತ್ತಾರೆ. ಹೆಚ್ಚಿನ ಕೋಡ್‌ಗಳು ಯಾವ ಭಾಗ ಕೆಟ್ಟಿದೆ ಅಂತ ಹೇಳುವುದಿಲ್ಲ. ಯಾವ ಕೆಲಸ ಆಗದೆ ನಿಂತಿದೆ ಅಂತ ಮಾತ್ರ ಹೇಳುತ್ತವೆ. ಎಲ್‌ಜಿಯಲ್ಲಿ ಐಇ ಅಂದರೆ ನೀರು ಒಳಗೆ ಬರುತ್ತಿಲ್ಲ, ಓಇ ಅಂದರೆ ಹೊರಗೆ ಹೋಗುತ್ತಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಇದೇ ಎರಡಕ್ಕೆ 4ಸಿ, 5ಸಿ. ಹಳೇ ಮಾಡೆಲ್‌ಗಳಲ್ಲಿ 4ಇ, 5ಇ. ಬಾಷ್‌ನಲ್ಲಿ ಇ18 ಬಂದರೆ ನೀರು ಹೊರಗೆ ಹೋಗುತ್ತಿಲ್ಲ ಅಂತ. ಉಳಿದ ಕಂಪನಿಗಳದ್ದು ಮಷೀನ್ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ದಯವಿಟ್ಟು ಆ ಪುಸ್ತಕ ಎಸೆಯಬೇಡಿ.

ನೀರು ಬರುತ್ತಿಲ್ಲ ಅನ್ನುವ ಕೋಡ್ ನಮ್ಮ ಕಡೆ ಮಳೆಗಾಲದಲ್ಲೇ ಜಾಸ್ತಿ. ನಲ್ಲಿಯಲ್ಲಿ ನೀರು ಧಾರಾಳ ಇದ್ದಾಗಲೇ ಹೀಗಾಗುತ್ತದೆ ಅಂದರೆ ಜನ ನಂಬುವುದಿಲ್ಲ. ಆದರೆ ಹಳ್ಳದ ನೀರು ಕೆಂಪಾಗಿ ಹರಿಯುವಾಗ ಹೂಳು ಟ್ಯಾಂಕಿಗೂ ಬರುತ್ತದೆ, ಅಲ್ಲಿಂದ ಜಾಲರಿಗೂ ಬರುತ್ತದೆ. ತೊಳೆಯುವುದು ರಗಳೆ ಅಂತ ಕೆಲವರು ಜಾಲರಿಯನ್ನೇ ಕಿತ್ತು ಬಿಸಾಡುತ್ತಾರೆ. ಹಾಗೆ ಮಾಡಬೇಡಿ. ಆ ಮಣ್ಣು ಒಳಗಿನ ವಾಲ್ವಿಗೆ ಹೋಗಿ ಕೂತರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ಆಮೇಲೆ ಮಷೀನ್ ಬಂದ್ ಇದ್ದರೂ ಒಳಗೆ ನೀರು ತುಂಬುತ್ತಲೇ ಇರುತ್ತದೆ. ಟ್ಯಾಂಕಿನಿಂದ ಬರುವ ಪೈಪಿಗೇ ಒಂದು ದೊಡ್ಡ ಫಿಲ್ಟರ್ ಹಾಕಿಸಿದರೆ ಜಾಲರಿಗೆ ಕೈ ಹಾಕುವ ಕೆಲಸವೇ ಕಡಿಮೆಯಾಗುತ್ತದೆ.

ಜಾಲರಿ ಚೊಕ್ಕಟ ಇದ್ದೂ ಅದೇ ಕೋಡ್ ಬಂದರೆ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ನೋಡಿ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಅನೇಕ ಫ್ರಂಟ್ ಲೋಡ್ (ಮುಂದೆ ಬಾಗಿಲಿರುವ) ಮಷೀನ್‌ಗಳು ಕಡಿಮೆ ಅಂದರೂ ಅರ್ಧ ಬಾರ್ ಕೇಳುತ್ತವೆ. ಅಂದರೆ ನೀರು ಮಷೀನಿಗಿಂತ 5 ಮೀಟರ್ ಮೇಲಿರಬೇಕು. ನಮ್ಮ ಹಂಚಿನ ಮನೆಗಳಲ್ಲಿ ಬಚ್ಚಲಿನ ಮೇಲೆ ಒಂದಾಳು ಎತ್ತರಕ್ಕೆ ಟ್ಯಾಂಕ್ ಇಟ್ಟಿರುತ್ತಾರೆ. ಸ್ನಾನಕ್ಕೆ ಸಾಕು, ಮಷೀನಿಗೆ ಸಾಲದು. ಒಂದು ಸಣ್ಣ ಪರೀಕ್ಷೆ ಮಾಡಿ. ಮಷೀನಿನ ನಲ್ಲಿಗೆ 10 ಲೀಟರ್ ಬಕೆಟ್ ಹಿಡಿಯಿರಿ. ತುಂಬಲು 2 ನಿಮಿಷಕ್ಕಿಂತ ಜಾಸ್ತಿ ಬೇಕಾದರೆ ತೊಂದರೆ ಮಷೀನಿನದಲ್ಲ ಅನ್ನುವುದು ನನ್ನ ಲೆಕ್ಕ. ಟ್ಯಾಂಕ್ ಎತ್ತರಿಸಿ, ಇಲ್ಲವೇ ಒತ್ತಡ ಹೆಚ್ಚಿಸುವ ಚಿಕ್ಕ ಪಂಪ್ ಕೂರಿಸಿ.

ಇನ್ನೊಂದು ಕಾರಣವನ್ನು ರಿಪೇರಿಯವರೂ ಎಷ್ಟೋ ಸಲ ಮರೆಯುತ್ತಾರೆ. ಶಿವಮೊಗ್ಗ ಪೇಟೆಯ ಒಂದು ಮನೆ. ಒತ್ತಡ ಚೆನ್ನಾಗಿದೆ, ಜಾಲರಿ ಚೆನ್ನಾಗಿದೆ, ವಾಲ್ವನ್ನೂ ಹೊಸದು ಹಾಕಿಸಿದ್ದಾರೆ. ಆದರೂ ನೀರಿಲ್ಲ ಅನ್ನುವ ಕೋಡ್. ನಾನು ಹೋಗಿ ಸುಮ್ನೆ ನಿಂತು ಕೇಳಿಸಿಕೊಂಡೆ. ನೀರು ಬರುವ ಸದ್ದೂ ಇತ್ತು, ಬಚ್ಚಲ ತೂತಿನಲ್ಲಿ ಹೋಗುವ ಸದ್ದೂ ಇತ್ತು. ನೆಲ ಒರೆಸುವಾಗ ಯಾರೋ ಕೊಳೆನೀರಿನ ಪೈಪನ್ನು ಕೊಕ್ಕೆಯಿಂದ ತೆಗೆದು ನೆಲಕ್ಕೆ ಬಿಟ್ಟಿದ್ದರು. ಫ್ರಂಟ್ ಲೋಡ್‌ನಲ್ಲಿ ಈ ಪೈಪ್ ಕೆಳಗೆ ಬಿದ್ದರೆ ಒಳಗೆ ಬಂದ ನೀರು ಹಾಗೇ ಎಳೆದುಕೊಂಡು ಹೊರಗೆ ಹೋಗುತ್ತದೆ. ತುಂಬುವುದೇ ಇಲ್ಲ. ಪೈಪನ್ನು ಸೊಂಟದ ಎತ್ತರಕ್ಕೆ ಕಟ್ಟಿದೆ, ಅಷ್ಟೇ.

ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್‌ನಲ್ಲಿ ಇದು ಪೂರ್ತಿ ಉಲ್ಟಾ. ನಮ್ಮಲ್ಲಿ ಮಾರುವ ಹೆಚ್ಚಿನ ಟಾಪ್ ಲೋಡ್‌ಗಳಲ್ಲಿ ನೀರೆತ್ತುವ ಪಂಪ್ ಇಲ್ಲ. ಕೆಳಗಿನ ವಾಲ್ವ್ ತೆರೆದುಕೊಳ್ಳುತ್ತದೆ, ನೀರು ತಾನಾಗೇ ಇಳಿಯುತ್ತದೆ. ಹಾಗಾಗಿ ಪೈಪ್ ನೆಲದಲ್ಲೇ ಮಲಗಿರಬೇಕು. ಬಚ್ಚಲ ಹೊಸ್ತಿಲು ದಾಟಿಸಲು ಅದನ್ನು ಎತ್ತಿ ಹಾಕಿದರೆ ನೀರು ಹೋಗುತ್ತಿಲ್ಲ ಅನ್ನುವ ಕೋಡ್ ಬರುತ್ತದೆ.

ಫ್ರಂಟ್ ಲೋಡ್‌ನಲ್ಲಿ ನೀರು ಹೊರಗೆ ಹೋಗದಿದ್ದರೆ ಮುಂದೆ ಕೆಳಮೂಲೆಯ ಚಿಕ್ಕ ಮುಚ್ಚಳ ತೆರೆಯಿರಿ. ಮೊದಲು ಪ್ಲಗ್ ಕೀಳಿ. ಬಿಸಿನೀರಿನಲ್ಲಿ ಒಗೆಯುತ್ತಿದ್ದರೆ ತಣಿಯುವ ತನಕ ಕಾಯಿರಿ. ಅಗಲದ ತಟ್ಟೆ ಇಟ್ಟು, ಪಕ್ಕದಲ್ಲಿ ಸಣ್ಣ ನಳಿಗೆ ಇದ್ದರೆ ಅದರಿಂದ ನೀರು ಬಸಿದು, ಆಮೇಲೆ ಫಿಲ್ಟರನ್ನು ನಿಧಾನ ತಿರುಗಿಸಿ. ಅಡಿಕೆ ಸುಗ್ಗಿಯಲ್ಲಿ ನನಗೆ ಅಲ್ಲಿ ಸಿಗುವುದು ಜೇಬಿನಿಂದ ಬಿದ್ದ ಅಡಿಕೆ ಹೋಳು, ಸಿಪ್ಪೆಯ ನಾರು. ಉಳಿದ ದಿನ ನಾಣ್ಯ, ಪಿನ್ನು, ತಲೆಗೂದಲು. ತೆಗೆದ ಮೇಲೆ ಒಳಗಿನ ಪುಟ್ಟ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗದೆ ತಡೆತಡೆದು ತಿರುಗುತ್ತದೆ. ಅದಕ್ಕೆ ಗಾಬರಿ ಬೇಡ. ಒಳಗೆ ಅಯಸ್ಕಾಂತ ಇರುವುದರಿಂದ ಅದು ಇರುವುದೇ ಹಾಗೆ.

ಎಲ್‌ಜಿಯಲ್ಲಿ ಯುಇ ಬಂದರೆ ಬಟ್ಟೆ ಒಂದೇ ಕಡೆ ಗುಂಪಾಗಿದೆ ಅಂತ. ಮಳೆಗಾಲದಲ್ಲಿ ಕಂಬಳಿಯನ್ನು ಒಂಟಿಯಾಗಿ ಹಾಕುತ್ತಾರೆ. ಅದು ನೀರು ಕುಡಿದು ಕಲ್ಲಿನಷ್ಟು ಭಾರವಾಗುತ್ತದೆ. ಬಿಡಿಸಿ ಹರಡಿ ಮತ್ತೆ ಹಾಕಿ. ನಮ್ಮ ಬಚ್ಚಲ ನೆಲ ಒಂದು ಕಡೆಗೆ ಇಳಿಜಾರು ಇರುತ್ತದಲ್ವಾ, ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿ. ಇನ್ನು ಎಲ್‌ಜಿಯಲ್ಲಿ ಸಿಎಲ್ ಅನ್ನುವುದು ದೋಷವೇ ಅಲ್ಲ, ಮಕ್ಕಳು ಒತ್ತದಂತೆ ಹಾಕುವ ಬೀಗ. ಬೀಗದ ಚಿತ್ರ ಇರುವ ಗುಂಡಿಯನ್ನು 3 ಸೆಕೆಂಡ್ ಒತ್ತಿ ಹಿಡಿದರೆ ಹೋಗುತ್ತದೆ.

ಇಷ್ಟು ನಿಮ್ಮ ಕೈಯಲ್ಲಿ ಆಗುವ ಕೆಲಸ. ಇದರಾಚೆ ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಮಷೀನಿನ ಹಿಂದಿನ ತಗಡು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಮಷೀನ್ ಮುಟ್ಟಿದರೆ ಜುಮ್ ಅಂದರೆ ಆ ದಿನವೇ ಬಳಸುವುದು ನಿಲ್ಲಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ. ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದರೂ ಅರ್ತಿಂಗ್ ತಂತಿಯೇ ಇಲ್ಲದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಬಚ್ಚಲ ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತವರಿಗೆ ಅದು ಜೀವದ ಪ್ರಶ್ನೆ. ನೀರು ಕಾಯಿಸುವ ಮಷೀನಿಗೆ ಸುಮಾರು 2,000 ವ್ಯಾಟ್ ಬೇಕು, ಅದನ್ನು 6 ಆಂಪಿಯರ್ ಸಾಕೆಟ್ಟಿಗೆ ಹಾಕಬಾರದು. 16 ಆಂಪಿಯರ್‌ನದ್ದೇ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಮಾತ್ರ ಆಫ್ ಮಾಡಿದರೆ ಸಿಡಿಲಿಗೆ ಸಾಲದು. ಬೋರ್ಡ್ ನಿಜವಾಗಿ ಸುಟ್ಟದ್ದನ್ನು ನಾನು ನೋಡುವುದು ಹೆಚ್ಚಾಗಿ ಅಂಥ ಸಂಜೆಗಳ ಮಾರನೇ ದಿನ.

ಇಷ್ಟೆಲ್ಲ ನೋಡಿದ ಮೇಲೂ ಕೋಡ್ ಹೋಗದಿದ್ದರೆ ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟು ಒಮ್ಮೆ ಹಾಕಿ ನೋಡಿ, ಆಮೇಲೆ ರಿಪೇರಿಯವರಿಗೆ ಫೋನ್ ಮಾಡಿ. ಕೋಡಿನ ಫೋಟೊ ಕಳಿಸಿ. ನೀರು ತುಂಬುವಾಗ ನಿಂತಿತೋ, ತಿರುಗುವಾಗ ನಿಂತಿತೋ, ಹಿಂಡುವಾಗ ನಿಂತಿತೋ ಹೇಳಿ. ಮಾಡೆಲ್ ನಂಬರಿನ ಸ್ಟಿಕ್ಕರ್ ಫ್ರಂಟ್ ಲೋಡ್‌ನಲ್ಲಿ ಸಾಮಾನ್ಯವಾಗಿ ಬಾಗಿಲು ತೆಗೆದರೆ ಅಂಚಿನಲ್ಲೇ ಕಾಣುತ್ತದೆ, ಟಾಪ್ ಲೋಡ್‌ನಲ್ಲಿ ಹಿಂಬದಿ ಇರುತ್ತದೆ. ಅದರದ್ದೂ ಒಂದು ಫೋಟೊ ಇದ್ದರೆ ಬೇಕಾದ ಸಾಮಾನು ಜೊತೆಗೇ ತಂದು ಒಂದೇ ಸಲಕ್ಕೆ ಕೆಲಸ ಮುಗಿಸಬಹುದು.