ರೀಸ್ಟಾರ್ಟ್: ನೆರೆ ಇಳಿದ ಮೇಲೆ ಶಾಲೆಯ ಗಂಟೆ ಬಾರಿಸುವ ದುಡ್ಡು

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಮ್ಮ ಪತ್ರಿಕೆಗಳಲ್ಲಿ ‘ಶಾಲೆಗಳ ಪುನರಾರಂಭ’ ಎಂಬ ಮಾತು ತಪ್ಪದೆ ಬರುತ್ತದೆ. ಬಾಗಿಲಿಗೆ ತೋರಣ ಕಟ್ಟುತ್ತಾರೆ, ಮಕ್ಕಳ ಕೈಗೆ ಹೂವು ಕೊಡುತ್ತಾರೆ, ಬಿಸಿಯೂಟಕ್ಕೊಂದು ಸಿಹಿ ಮಾಡುತ್ತಾರೆ. ಅಮೆರಿಕದ ಶಿಕ್ಷಣ ಇಲಾಖೆಯ ಕಡತಗಳಲ್ಲೂ ಹೆಚ್ಚುಕಡಿಮೆ ಇದೇ ಅರ್ಥದ ‘ರೀಸ್ಟಾರ್ಟ್’ ಎಂಬ ಪದವಿದೆ. ಆದರೆ ಅದು ನೆನಪಾಗುವುದು ಚಂಡಮಾರುತವೋ ಕಾಡ್ಗಿಚ್ಚೋ ಶಾಲೆಗಳನ್ನು ಮುಚ್ಚಿಸಿ ಹೋದಾಗ ಮಾತ್ರ. ಪೂರ್ತಿ ಹೆಸರು ‘ಇಮ್ಮಿಡಿಯೆಟ್ ಏಡ್ ಟು ರೀಸ್ಟಾರ್ಟ್ ಸ್ಕೂಲ್ ಆಪರೇಷನ್ಸ್’. ಅಂದರೆ, ನಿಂತುಹೋದ ಶಾಲೆಯನ್ನು ಮತ್ತೆ ನಡೆಸಲು ಕೇಂದ್ರ ಸರ್ಕಾರ ಕೊಡುವ ತಕ್ಷಣದ ನೆರವು.

ಪದ ಹುಟ್ಟಿದ್ದು 2005ರಲ್ಲಿ. ಆ ವರ್ಷ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿ ನ್ಯೂ ಆರ್ಲಿಯನ್ಸ್ ನಗರದ ಸುಮಾರು ಶೇ 80 ಭಾಗ ನೀರಲ್ಲಿ ಮುಳುಗಿತು. ಮುಂದಿನ ತಿಂಗಳೇ ರೀಟಾ ಬಂತು. ಲಕ್ಷಗಟ್ಟಲೆ ಮಕ್ಕಳು ಊರು ಬಿಟ್ಟು ಬೇರೆ ಬೇರೆ ರಾಜ್ಯಗಳ ಶಾಲೆ ಸೇರಿದರು. ಇದಕ್ಕೆಂದೇ ಮಾಡಿದ ಕಾನೂನಿನಲ್ಲಿ ರೀಸ್ಟಾರ್ಟ್ ಹೆಸರಲ್ಲಿ 75 ಕೋಟಿ ಡಾಲರ್ ತೆಗೆದಿಟ್ಟರು. ಲೂಸಿಯಾನಾಕ್ಕೆ ಸುಮಾರು 44.5 ಕೋಟಿ, ಮಿಸಿಸಿಪ್ಪಿಗೆ 22 ಕೋಟಿ ಚಿಲ್ಲರೆ ಹೋಯಿತು. ಉಳಿದದ್ದು ಟೆಕ್ಸಸ್ ಮತ್ತು ಅಲಬಾಮಾಕ್ಕೆ. ಆ ಕಾನೂನಿಗೆ ಸಹಿ ಬಿದ್ದದ್ದು ಡಿಸೆಂಬರ್ 30ಕ್ಕೆ. ನೀರು ನುಗ್ಗಿ ನಾಲ್ಕು ತಿಂಗಳಾದ ಮೇಲೆ ಬರುವ ದುಡ್ಡಿಗೆ ‘ತಕ್ಷಣದ’ ಎಂಬ ವಿಶೇಷಣ ಸರ್ಕಾರಿ ಭಾಷೆಯಲ್ಲಿ ಮಾತ್ರ ಒಪ್ಪುತ್ತದೆ.

ಈ ದುಡ್ಡು ಯಾವುದಕ್ಕೆ ಎನ್ನುವುದರಲ್ಲೇ ಪದದ ತಿರುಳಿದೆ. ಶಾಲೆ ಬಿದ್ದಿದೆ, ಸರ್ಕಾರ ಹಣ ಕೊಟ್ಟಿದೆ ಎಂದರೆ ನಮ್ಮ ತಲೆಗೆ ಮೊದಲು ಬರುವುದು ಗೋಡೆ, ಹೆಂಚು, ಕಾಂಪೌಂಡು. ರೀಸ್ಟಾರ್ಟ್ ಅದಕ್ಕಲ್ಲ. ಹೊಸ ಕಟ್ಟಡ ಕಟ್ಟಲು, ದೊಡ್ಡ ರಿಪೇರಿ ಮಾಡಿಸಲು ಇದನ್ನು ಮುಟ್ಟುವಂತಿಲ್ಲ. ಆ ಬಾಬತ್ತಿಗೆ ಫೀಮಾ ಎಂಬ ವಿಪತ್ತು ಸಂಸ್ಥೆಯ ಹಣ ಬೇರೆ ಇದೆ (ನಮ್ಮಲ್ಲಿ ಫೆಮಾ ಎಂದರೆ ವಿದೇಶಿ ವಿನಿಮಯದ ಕಾಯ್ದೆ, ಎರಡಕ್ಕೂ ಸಂಬಂಧವಿಲ್ಲ). ಗೋಡೆ ನಿಂತಿದ್ದರೂ ಶಾಲೆ ನಡೆಯದಿರಬಹುದಲ್ಲ, ಆ ಕೊರತೆಗೆ ರೀಸ್ಟಾರ್ಟ್.

ಮೊದಲ ಬಾಬತ್ತು ದಾಖಲೆಗಳದ್ದು. ಟಿಸಿ ಕಳೆದುಕೊಂಡು ಬಿಇಒ ಕಚೇರಿ ಅಲೆದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಯಾವ ಮಗು ಎಷ್ಟನೇ ತರಗತಿ, ಯಾರಿಗೆ ವಿಶೇಷ ಪಾಠ ಬೇಕಿತ್ತು, ಯಾವ ಶಿಕ್ಷಕರಿಗೆ ಎಷ್ಟು ಸಂಬಳ ಎಂಬುದೆಲ್ಲ ಇದ್ದ ಕಂಪ್ಯೂಟರು ಕೆಸರಲ್ಲಿ ಹೂತುಹೋದರೆ ಶಾಲೆ ಇದ್ದೂ ಇಲ್ಲದಂತೆ. ಆದ್ದರಿಂದ ಮಕ್ಕಳ ಮತ್ತು ಸಿಬ್ಬಂದಿಯ ಮಾಹಿತಿ ಮರಳಿ ಪಡೆಯುವುದು, ಹಾಳಾದ ಕಂಪ್ಯೂಟರ್ ವ್ಯವಸ್ಥೆಯನ್ನು ಬದಲಿಸುವುದು, ಲೆಕ್ಕಪತ್ರ ನೇರ ಮಾಡುವುದು ಈ ಹಣದಲ್ಲಿ ಆಗುತ್ತವೆ. ಜೊತೆಗೆ ತಾತ್ಕಾಲಿಕ ತರಗತಿಗೆ ಚಕ್ರದ ಮೇಲಿನ ಕೋಣೆಗಳ ಬಾಡಿಗೆ, ದೂರದ ಮಕ್ಕಳನ್ನು ಕರೆತರುವ ಸಾರಿಗೆಯ ಖರ್ಚು, ನೆನೆದುಹೋದ ಪಠ್ಯಪುಸ್ತಕದ ಬದಲಿಗೆ ಹೊಸದು. ಕಳೆದುಹೋದ ದಿನಗಳಿಗೆ ಹೊಂದುವಂತೆ ಪಾಠಯೋಜನೆ ತಿದ್ದುವ ಕೆಲಸಕ್ಕೂ ಲೆಕ್ಕವಿದೆ.

ಖಾಸಗಿ ಶಾಲೆಗಳೂ ಇದರ ವ್ಯಾಪ್ತಿಗೆ ಬಂದವು. ಆದರೆ ಹಣದ ಹತೋಟಿ ಸರ್ಕಾರಿ ಸಂಸ್ಥೆಯದ್ದೇ, ಕೊಡುವ ಸಾಮಗ್ರಿ ಮತಪ್ರಚಾರದ್ದಾಗಿರಬಾರದು. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ದುಡ್ಡು ಪಡೆಯುವಂತೆಯೂ ಇಲ್ಲ: ವಿಮೆಯೋ ಫೀಮಾವೋ ಕೊಡುವ ಖರ್ಚನ್ನು ಇದರ ಮೇಲೆ ಹಾಕಬಾರದು.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಹೆಸರು ‘ಎಮರ್ಜೆನ್ಸಿ ಇಂಪ್ಯಾಕ್ಟ್ ಏಡ್’. ಇದು ಮುಳುಗಿದ ಶಾಲೆಗಲ್ಲ, ನಿರಾಶ್ರಿತ ಮಕ್ಕಳನ್ನು ಸೇರಿಸಿಕೊಂಡ ಶಾಲೆಗೆ. ಕತ್ರಿನಾ ಕಾಲದಲ್ಲಿ ಮಗುವೊಂದಕ್ಕೆ ವರ್ಷಕ್ಕೆ ಗರಿಷ್ಠ 6,000 ಡಾಲರ್, ಅಂಗವಿಕಲ ಮಗುವಾದರೆ 7,500 ಎಂದು ನಿಗದಿಯಾಗಿತ್ತು. ಮೂರು ಮೂರು ತಿಂಗಳಿಗೆ ತಲೆ ಎಣಿಸಿ ಕೊಡುತ್ತಿದ್ದರು. ಮಗು ಊರಿಗೆ ಮರಳಿದರೆ ಆ ಕಂತು ನಿಂತಿತು.

2017ರಲ್ಲಿ ಹಾರ್ವೆ, ಇರ್ಮಾ, ಮರಿಯಾ ಚಂಡಮಾರುತಗಳು ಮತ್ತು ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚು ಸಾಲಾಗಿ ಬಂದಾಗ ಪದಕ್ಕೆ ಮತ್ತೆ ಜೀವ ಬಂತು. ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪಕ್ಕೆ 58.9 ಕೋಟಿ ಡಾಲರ್ ರೀಸ್ಟಾರ್ಟ್ ಹಣ ಸಿಕ್ಕಿತು. ಮರಿಯಾ ಬಂದದ್ದು ಸೆಪ್ಟೆಂಬರ್ 20ಕ್ಕೆ, ಹಣದ ಘೋಷಣೆ ಮರುವರ್ಷ ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ಜನ ದ್ವೀಪ ಬಿಟ್ಟು ಹೋಗುತ್ತಿದ್ದರು, ಮಕ್ಕಳು ಕಡಿಮೆಯಾಗಿದ್ದರು. ಆ ಬೇಸಿಗೆಯಲ್ಲೇ ಅಲ್ಲಿನ ಆಡಳಿತ ಇನ್ನೂರಕ್ಕೂ ಹೆಚ್ಚು ಶಾಲೆಗಳಿಗೆ ಬೀಗ ಹಾಕಿತು. ಪುನರಾರಂಭದ ಹಣ ಬಂದ ವರ್ಷವೇ ಇಷ್ಟು ಶಾಲೆ ಮುಚ್ಚಿದ್ದು ವಿಪರ್ಯಾಸ ಅನ್ನಿಸಬಹುದು. ಆದರೆ ಸಾಲದಲ್ಲಿ ಮುಳುಗಿದ್ದ ದ್ವೀಪ ಅದು. ಮರಿಯಾಕ್ಕೆ ಮೊದಲೇ ಅಲ್ಲಿ ಶಾಲೆಗಳು ಮುಚ್ಚತೊಡಗಿದ್ದವು.

ನಮ್ಮಲ್ಲಿ ನೆರೆ ಬಂದಾಗ ಶಾಲೆಯ ಪಾಡೇ ಬೇರೆ. ಮಕ್ಕಳಿಗೆ ಮಳೆ ರಜೆ, ಶಾಲೆ ಮಾತ್ರ ಕಾಳಜಿ ಕೇಂದ್ರ. ಊರವರು ಮನೆಗೆ ಮರಳಿದ ಮೇಲೆ ತೊಳೆದು ಬಳಿದು ತರಗತಿ ಶುರುಮಾಡಬೇಕು. ದುರಸ್ತಿಗೆ ರಾಜ್ಯ ವಿಪತ್ತು ಪರಿಹಾರ ನಿಧಿ ಇದೆ. ಕರ್ನಾಟಕದ ಆ ನಿಧಿಯಲ್ಲಿ ಕೇಂದ್ರದ ಪಾಲು ಶೇ 75, ರಾಜ್ಯದ್ದು 25. ‘ಪರಿಹಾರ’ ಎಂದರೆ ನಮಗೆ ನಷ್ಟ ತುಂಬಿಕೊಡುವುದು, ‘ದುರಸ್ತಿ’ ಎಂದರೆ ಕಟ್ಟಡ. ಹಾಜರಿ ಪುಸ್ತಕ, ಬಸ್ಸು, ಬಾಡಿಗೆ ಕೋಣೆಗಳನ್ನೆಲ್ಲ ಒಟ್ಟಿಗೆ ಹಿಡಿಯುವ ಒಂದೇ ಪದ ನಮ್ಮ ಬಳಕೆಯಲ್ಲಿಲ್ಲ. ‘ಶಾಲಾ ಪುನರಾರಂಭ ನೆರವು’ ಎನ್ನಬಹುದೇನೋ. ತೋರಣ ಕಟ್ಟುವ ಖರ್ಚು ಎಂದು ಯಾರೂ ತಿಳಿಯದಿದ್ದರೆ ಸರಿ.